ಮಾವನ ಹೊಗೆಯಿಲ್ಲದ ಆಮಂತ್ರಣ

ನಮ್ಮ ಸೋದರಮಾವನ ಮನೆಯಲ್ಲಿ ನೀವು ನಿಟ್ಟುಸಿರು ಬಿಡುವ ಹಾಗಿಲ್ಲ. ಬಿಟ್ಟಿರೋ, "ಆ ಉಸಿರಲ್ಲಿ ಎಷ್ಟು ಇಂಗಾಲ ಇರ್ತದೆ, ಗೊತ್ತುಂಟಾ?" ಎಂದು ಕೇಳುತ್ತಾರೆ!

ಮೊದಲು ಹೀಗಿರಲಿಲ್ಲ. ಎರಡು ವರ್ಷದ ಹಿಂದೆ ಹೊನ್ನಾವರದಲ್ಲಿ ಯಾರದೋ ಭಾಷಣ ಕೇಳಿ ಬಂದರು. ನಾವು ಉಣ್ಣುವುದು, ಉಡುವುದು, ತಿರುಗುವುದು ಎಲ್ಲದರಿಂದಲೂ ಆಕಾಶಕ್ಕೆ ಹೊಗೆ ಸೇರುತ್ತದಂತೆ, ಪ್ರತಿಯೊಬ್ಬರೂ ತಮ್ಮ ಪಾಲನ್ನು ತಗ್ಗಿಸಬೇಕಂತೆ. ಸರಿಯಾದ ಮಾತೇ. ಸಭೆಯಲ್ಲಿದ್ದ ಉಳಿದವರು ಚಪ್ಪಾಳೆ ತಟ್ಟಿ, ಚಾ ಕುಡಿದು ಮನೆಗೆ ಹೋದರು. ನಮ್ಮ ಮಾವ ಮರುದಿನವೇ ಕಾರು ಮಾರಿದರು!

ಆಮೇಲೆ ಅಡುಗೆಮನೆಗೆ ನುಗ್ಗಿದರು. ಕುಚ್ಚಲಕ್ಕಿ ಬೇಯಲು ಗ್ಯಾಸು ಬಹಳ ಬೇಕಲ್ಲ? ಚೆನ್ನಾಗಿ ಕುದಿ ಬಂದದ್ದೇ ಪಾತ್ರೆ ಇಳಿಸಿ, ಕಂಬಳಿ ಸುತ್ತಿ, ಮಂಚದ ಮೇಲೆ ಇಡುವುದು. ಉಳಿದದ್ದು ತನ್ನ ಬಿಸಿಯಲ್ಲೇ ಬೇಯಬೇಕು. ಬೇಯುತ್ತದೆ ಕೂಡ, ಸುಳ್ಳು ಹೇಳಬಾರದು. ಒಮ್ಮೆ ಪಕ್ಕದ ಮನೆಯಾಕೆ ಬಂದವಳು ಮಂಚ ನೋಡಿ, ದನಿ ತಗ್ಗಿಸಿ, "ಯಾರ ಮಗು? ಯಾವಾಗ ಏಳ್ತದೆ?" ಎಂದಳಂತೆ.

"ಹನ್ನೆರಡೂವರೆಗೆ. ಎದ್ದ ಕೂಡಲೇ ಸಾರು ಹಾಕ್ಕೊಂಡು ಉಣ್ಣೂದೇ," ಎಂದರಂತೆ ಅತ್ತೆ.

ಇಂಥ ಮಾವನ ಮಗಳಿಗೆ ಮದುವೆ ಗೊತ್ತಾಯಿತು. ನಮ್ಮ ಕಡೆ ಫೋನು ಮಾಡಿದರೆ ಕರೆದ ಹಾಗಲ್ಲ. ಮನೆಗೇ ಹೋಗಿ, ಅಕ್ಷತೆ ಕೊಟ್ಟು ಕರೆಯಬೇಕು. ಇಲ್ಲದಿದ್ದರೆ ಊದಿದ ಮುಖಗಳು ಮುಂದಿನ ಮದುವೆಯವರೆಗೂ ಇಳಿಯುವುದಿಲ್ಲ. ಭಟ್ಕಳದಿಂದ ಕುಮಟಾದವರೆಗೆ ನಲವತ್ತು ಮನೆ! ಅಷ್ಟು ಸುತ್ತಿದರೆ ಎಷ್ಟು ಹೊಗೆ? ಮಾವ ಮೂರು ದಿನ ಯೋಚಿಸಿ ಎಲ್ಲರಿಗೂ ಫೋನು ಮಾಡಿದರು: "ಭಾನುವಾರ ಇಡಗುಂಜಿ ದೇವಸ್ಥಾನಕ್ಕೆ ಬನ್ನಿ. ಅಲ್ಲೇ ಎಲ್ಲರನ್ನೂ ಒಟ್ಟಿಗೇ ಕರೀತೆ."

ಬಂದರು! ಕರೆಸಿಕೊಳ್ಳಲು ಬಂದರು! ಇಪ್ಪತ್ತೆಂಟು ಕಾರು, ಎರಡು ಟೆಂಪೋ, ಬೈಕುಗಳನ್ನು ಕೇಳಲೇಬೇಡಿ. ಬಸ್ಸಿನಿಂದ ಇಳಿದ ಮಾವ ಅಷ್ಟೂ ವಾಹನ ನೋಡಿ ಕಂಗಾಲಾದರು. ಭಟ್ಕಳದಿಂದ ಬಂದ ಅವರ ಷಡ್ಡಕ ಅಕ್ಷತೆಗೆ ಕೈಯೊಡ್ಡುತ್ತ, "ಹೊಗೆ ಉಳೀತಾ ಮಾರಾಯಾ?" ಎಂದಾಗ ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಮಾವ ನಗಲಿಲ್ಲ. ಅಘನಾಶಿನಿಯಲ್ಲಿರುವ ಅವರ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಬಂದಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಮಾವನನ್ನು ಸಾಕಿದವಳು ಆಕೆ. ಅವಳಿಲ್ಲದೆ ಮಗಳನ್ನು ಧಾರೆಯೆರೆಯುವುದು ಹೇಗೆ? "ಅಕ್ಕನಿಗೆ ಸಿಟ್ಟು ಬಂದದೆ. ಮದುವೆಗೂ ಬರೂದಿಲ್ಲ," ಎಂದು ಮಾವ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು.

ಮರುದಿನ ನನ್ನನ್ನೂ ಕರೆದುಕೊಂಡು ಬಸ್ಸಿನಲ್ಲಿ ಅಘನಾಶಿನಿಗೆ ಹೊರಟರು. ದೊಡ್ಡಮ್ಮ ಜಗಲಿಯಲ್ಲಿ ಕೂತಿದ್ದಳು. ತಮ್ಮನನ್ನು ಕಂಡು ಏಳಲು ಹೋದಳು, ಆಗಲಿಲ್ಲ. ಎರಡೂ ಮೊಣಕಾಲು ಬಾತಿದ್ದವು. "ನನ್ನ ಮೇಲೆ ಸಿಟ್ಟಾ ಅಕ್ಕಾ?" ಎಂದರು ಮಾವ.

"ಸಿಟ್ಟು ಎಂತಕ್ಕೆ ತಮ್ಮಾ? ಮೆಟ್ಟಿಲು ಇಳಿಯೂಕೆ ಆಗೂದಿಲ್ಲ. ವರ್ಷ ಆತು."

"ನಂಗೆ ಹೇಳೂಕೆ ಆಗಿಲ್ವಾ ಅಕ್ಕಾ?"

"ನೀ ತಿರುಗಾಟ ಕಡಿಮೆ ಮಾಡಿದ್ದಿ ಅಂದ್ರು. ಒಳ್ಳೆ ಕೆಲಸವೇ. ಹೇಳಿದ್ರೆ ಓಡಿ ಬತ್ತಿದ್ದಿ, ಅದಕ್ಕೇ ಸುಮ್ನಿದ್ದೆ."

ಎರಡು ವರ್ಷದಿಂದ ಮಾವ ಆ ಮನೆಗೆ ಹೋಗಿರಲಿಲ್ಲ. ಅಕ್ಕನ ಕಾಲ ಬಳಿ ಕುಸಿದು ಕೂತು ಮಗುವಿನ ಹಾಗೆ ಅತ್ತರು. ನನಗೂ ತಡೆಯಲಾಗಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿ, "ಒಂದು ಕಾರು ತರ್ಸು. ದೊಡ್ಡದೇ ಇರ್ಲಿ, ಅಕ್ಕನಿಗೆ ಕಾಲು ನೀಡೂಕೆ ಜಾಗ ಬೇಕು," ಎಂದರು.

"ಮದುವೆಗೆ ಇನ್ನೂ ಇಪ್ಪತ್ತು ದಿನ ಉಂಟಲ್ಲ ಮಾವಾ?"

"ಇರ್ಲಿ. ಅಷ್ಟೂ ದಿನ ನನ್ನ ಮನೇಲೇ ಇರ್ಲಿ."

ಕಾರು ಬಂತು. ಅರವತ್ತು ದಾಟಿದ ಮಾವ ಅಕ್ಕನನ್ನು ಎತ್ತಿಕೊಂಡು, ಒಂದೊಂದೇ ಮೆಟ್ಟಿಲು ಇಳಿದರು.