ಜೋಳದ ಕಾಳಿನ ಕಂಪ್ಯೂಟರ್

ಟಣ್! ಸ್ಟೀಲಿನ ವಾಟಿಗೆ ಒಂದು ಜೋಳದ ಕಾಳು ಬಿದ್ದ ಸದ್ದು. ಸ್ವಲ್ಪ ಹೊತ್ತು ಮೌನ. ಮತ್ತೆ, ಟಣ್! ಬೈಲಹೊಂಗಲದ ನಮ್ಮ ಪಡಸಾಲೆಯ ಆ ಮಧ್ಯಾಹ್ನಗಳು ನನಗೆ ಈಗಲೂ ಹಾಗೆಯೇ ಕೇಳಿಸುತ್ತವೆ. ನಮ್ಮ ಮನೆಯ ಕಂಪ್ಯೂಟರ್ ಕರೆಂಟಿನಿಂದಲ್ಲ, ಬಿಳಿಜೋಳದಿಂದ ನಡೆಯುತ್ತಿತ್ತು ಎಂದರೆ ನಂಬುತ್ತೀರಾ? ಬಿಲೀವ್ ಮಿ, ಅದು ಧೋತರ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಊಟವಾದ ಮೇಲೆ ಎಲೆಯಡಿಕೆಯನ್ನೂ ಮೆಲ್ಲುತ್ತಿತ್ತು!

ಅದು ನನ್ನ ಮೈದುನ. ತೀರಿಕೊಂಡ ನನ್ನ ಯಜಮಾನರ ತಮ್ಮ. ಅರಳೆ ವ್ಯಾಪಾರ ಬಿಟ್ಟ ಮೇಲೆ ಅವರ ವಾರಿಗೆಯವರೆಲ್ಲ ಮಠದ ಕಟ್ಟೆ ಹಿಡಿದರೆ, ಇವರು ರದ್ದಿ ಅಂಗಡಿ ಹಿಡಿದರು. ಅಲ್ಲಿಂದ ಎದೆಗವಚಿಕೊಂಡು ತಂದದ್ದು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸುವ ಒಂದು ದಪ್ಪ ಇಂಗ್ಲಿಷ್ ಪುಸ್ತಕ. ಇವರ ಇಂಗ್ಲಿಷೋ, ಅಂಗಡಿ ಬೋರ್ಡು ಓದುವಷ್ಟು!

“ವೈನಿ, ನೀವು ಕಾನ್ವೆಂಟಿನ್ಯಾಗ ಕಲ್ತಾರು. ನೀವು ಓದ್ರಿ, ಅರ್ಥ ನಾ ಹೇಳತೇನಿ.” ಅತ್ತಿಗೆಗೆ ನಮ್ಮ ಕಡೆ ವೈನಿ ಎನ್ನುತ್ತಾರೆ.

ಎಂಥ ಧೈರ್ಯ ನೋಡಿ! ನಮ್ಮ ಸಿಸ್ಟರ್‌ಗಳು ನನಗೆ ಗ್ರಾಮರ್ ಕಲಿಸಿದ್ದರು, ಎಂಬ್ರಾಯ್ಡರಿ ಕಲಿಸಿದ್ದರು, ಸೂಪ್ ಕುಡಿಯುವಾಗ ಸದ್ದು ಮಾಡದಿರುವುದನ್ನು ಕಲಿಸಿದ್ದರು. ಆದರೂ ಕನ್ನಡಕ ಏರಿಸಿ ಓದಿ, ಮಾತಿಗೆ ಮಾತು ಕನ್ನಡದಲ್ಲಿ ಹೇಳಿದೆ. ನನಗೆ ಒಂದಕ್ಷರ ತಿಳಿಯಲಿಲ್ಲ. ಅವರು ಅಡುಗೆಮನೆಯಿಂದ ವಾಟಿಗಳನ್ನು ತಂದು ಸಾಲಾಗಿ ಇಟ್ಟರು. “ಇದು ಎ, ಇದು ಬಿ. ಎ-ದಾಗಿಂದ ಒಂದು ತಗದು ಬಿ-ದಾಗ ಹಾಕು ಅಂತ ಹೇಳೈತಿ.” ಟಣ್! ಸಂಜೆ ಚಹಾದ ಹೊತ್ತಿಗೆ ಒಂದು ಲೆಕ್ಕ ಮುಗಿಯುತ್ತಿತ್ತು. ಒಮ್ಮೆ ಗುಬ್ಬಿಯೊಂದು ಒಳಗೆ ಹಾರಿಬಂದು ಬಿ ವಾಟಿಯ ಕಾಳು ತಿಂದುಬಿಟ್ಟಿತು. “ಮೆಮರಿ ಹೋತು, ವೈನಿ!” ಎಂದು ತಲೆಮೇಲೆ ಕೈಹೊತ್ತು ಕುಳಿತರು, ಪಾಪ.

ನಗಬೇಡಿ, ಅವರಿಗೆ ಅವಸರವಿತ್ತು. ಬೆಳಗಾವಿಯ ಕಣ್ಣಿನ ಡಾಕ್ಟರು ಖಚಿತವಾಗಿ ಹೇಳಿದ್ದರು: ನೋಟ ಅಂಚಿನಿಂದ ಒಳಕ್ಕೆ ಕುಗ್ಗುತ್ತಿದೆ, ಹೋದ ಬೆಳಕು ತಿರುಗಿ ಬರುವುದಿಲ್ಲ.

“ಎರಡೂ ಕದ ಸಾವಕಾಶ ಮುಚ್ಚಾಕತ್ತಾವ ನೋಡ್ರಿ,” ಎಂದರು ಮೈದುನರು ಒಂದು ದಿನ, ಬೇರೆ ಯಾರದೋ ಮನೆಯ ಬಾಗಿಲಿನ ಸುದ್ದಿ ಹೇಳುವವರ ಹಾಗೆ. “ಪೂರಾ ಮುಚ್ಚೂದ್ರೊಳಗ ನಾ ಬರದಿದ್ದೊಂದು ಪ್ರೋಗ್ರಾಂ ಓಡೂದು ಈ ಕಣ್ಣಿಲೆ ನೋಡಬೇಕು. ಅಷ್ಟ.”

“ಹಂಗಾದ್ರ ನಾಳೆನ ಕಂಪ್ಯೂಟರ್ ಕ್ಲಾಸಿಗೆ ನಡೀರಲ್ಲ! ವೈ ವೇಸ್ಟ್ ಟೈಮ್?”

“ಛೇ ಛೇ! ಪುರಾಣ ಹಚ್ಚಿದ ಮ್ಯಾಲೆ ಮಂಗಲ ಆಗೂತನಾ ಎದ್ದು ಹೋಗಬಾರದ್ರಿ, ವೈನಿ.”

ಶ್ರಾವಣದ ಪುರಾಣಕ್ಕಿರುವ ಕಟ್ಟಳೆಯೆಲ್ಲ ಆ ರದ್ದಿ ಪುಸ್ತಕಕ್ಕೂ ಬಂತು. ಅದಕ್ಕೆ ಕೆಂಪು ವಸ್ತ್ರ, ಊದಿನಕಡ್ಡಿ, ದಿನಕ್ಕೆ ಇಷ್ಟೇ ಪುಟ. ಕಣ್ಣು ಕಾಯುವುದಿಲ್ಲವಲ್ಲಪ್ಪಾ ಎಂದು ನನ್ನ ಜೀವ ಹೊಡೆದುಕೊಳ್ಳುತ್ತಿತ್ತು. ಕೊನೆಯ ಅಧ್ಯಾಯ ಮುಗಿಸಿ ಪುಸ್ತಕ ಮುಚ್ಚಿದೆ. “ಇನ್ನೂ ಹಾಳಿ ಅದಾವಲ್ಲ?” ಎಂದರು. ಅದು ಇಂಡೆಕ್ಸ್! ಎ ಇಂದ ಜೆಡ್‌ವರೆಗೆ, ಪುಟಸಂಖ್ಯೆಗಳ ಸಮೇತ, ರಾಗವಾಗಿ ಓದಿಸಿಯೇ ಕಾಯಿ ಒಡೆದು ಓಣಿಗೆಲ್ಲ ಸಕ್ಕರೆ ಹಂಚಿದರು.

ಈ ಪುಸ್ತಕದ ಪುರಾಣ ಇನ್ನೂ ನಡೆಯುತ್ತಿದ್ದಾಗಲೇ ಮುರಗೋಡದಲ್ಲಿ ನೆಂಟರ ಮದುವೆ ಬಂತು. ಊಟದ ಪಂಕ್ತಿಯಲ್ಲಿ ಹಿರಿಯರು ಮೊದಲು ಕೂರಬೇಕಲ್ಲ? ನೂಕುನುಗ್ಗಲು ಕಂಡು ನನ್ನ ಮೈದುನರು ಮುಂದೆ ಬಂದರು. ಪುಸ್ತಕದಲ್ಲಿ ಇದಕ್ಕೊಂದು ಉಪಾಯವಿದೆಯಂತೆ: ಪ್ರತಿಯೊಬ್ಬರೂ ಪಕ್ಕದವರ ವಯಸ್ಸು ಕೇಳಬೇಕು, ಹಿರಿಯರು ಎಡಕ್ಕೆ, ಕಿರಿಯರು ಬಲಕ್ಕೆ ಜಾಗ ಬದಲಿಸಬೇಕು, ಎಲ್ಲರೂ ಸರಿಹೋಗುವ ತನಕ ಹೀಗೆಯೇ. ಗಂಡಸರ ಸಾಲು ಚಕಚಕನೆ ಮುಗಿಯಿತು. ಹೆಂಗಸರ ಸಾಲಿನಲ್ಲಿ ಇಬ್ಬರು ಅಜ್ಜಿಯರು ಎದುರಾದರು.

“ನೀ ಹಿರ್ಯಾಕಿ, ಎಡಕ್ಕ ನಡಿ.”

“ಅಯ್ಯ, ನಿನ್ನ ಲಗ್ನದಾಗ ನಾ ತೊಟ್ಟಿಲದಾಗಿದ್ದೆ! ನೀನ ನಡಿ.”

ಒಬ್ಬಾಕೆ ಎದ್ದು ಜಾಗ ಬದಲಿಸುವುದು, ಕೂತ ಕೂಡಲೇ ಇನ್ನೊಬ್ಬಾಕೆ ಅವಳನ್ನು ಎಬ್ಬಿಸುವುದು. ನನ್ನ ಮೈದುನರು ಸ್ವರ್ಗವೇ ಸಿಕ್ಕವರಂತೆ ಕೂಗಿದರು: “ವೈನಿ, ಮುಗಿಯಲಾರದ ಲೂಪ್ ಅಂತ ಓದಿದ್ವಲ್ಲ, ಇದ ನೋಡ್ರಿ!” ಅಡುಗೆಯವನೂ ಒಳಗಿನಿಂದ ಕೂಗಿದ: “ಯಜಮಾನ್ರ, ನಿಮ್ಮ ಕಂಪ್ಯೂಟರ್ ಬಂದ್ ಮಾಡ್ರಿ, ಹುಗ್ಗಿ ಆರಾಕತ್ತೈತಿ!”

ಮಂಗಲವಾದ ವಾರಕ್ಕೆ ರಾಮದುರ್ಗದಿಂದ ಅವರ ಮಗಳು ಬಂದಳು. ಅಪ್ಪ ಹೊಸ್ತಿಲು ಎಡವುವುದನ್ನು ಕಂಡು, ತನ್ನ ಮನೆಗೆ ಕರೆದೊಯ್ಯುತ್ತೇನೆಂದು ಹಟ ಹಿಡಿದಳು. ಇವರು ಒಪ್ಪಿದರು, ಒಂದು ಕರಾರಿನ ಮೇಲೆ: ದಾರಿಯಲ್ಲಿ ಸವದತ್ತಿಗೆ ಇಳಿದು ಕಂಪ್ಯೂಟರ್ ಕ್ಲಾಸಿಗೆ ಹೋಗಬೇಕು, ಜೊತೆಗೆ ನಾನಿರಬೇಕು. ಬೈಲಹೊಂಗಲದಲ್ಲಿ ಕ್ಲಾಸಿಲ್ಲವೇ ಎಂದೆ. “ಇಲ್ಲಿ ಓಡಲಿಲ್ಲಂದ್ರ ಊರ ನಗತೈತ್ರಿ. ಅಲ್ಲಿ ಯಾರಿಗೆ ಗೊತ್ತು?”

ಸವದತ್ತಿಯ ಕ್ಲಾಸಿನ ಟೀಚರ್ ಪುಸ್ತಕ ತಿರುವಿ ಮೆಲ್ಲಗೆ ಹೇಳಿದರು: “ಅಜ್ಜಾರ, ಈ ಪುಸ್ತಕದಾಗಿನ ಕಂಪ್ಯೂಟರ್ ಭಾಷಾ ಸತ್ತು ಭಾಳ ವರ್ಷ ಆತ್ರಿ.”

ನಾನು ಪುಸ್ತಕ ವಾಪಸು ತೆಗೆದುಕೊಳ್ಳಲು ಕೈಚಾಚಿದೆ. ಇವರು ಮಾತ್ರ, “ಛಲೋನ ಆತಲ್ರಿ ಅಕ್ಕೋರ! ಇನ್ನ ಅದು ಬದಲಾಗೂದಿಲ್ಲ. ನನ್ನಂಗ ಸಾವಕಾಶ ಕಲಿಯಾವ್ರಿಗೆ ಅದ ಬೇಕು,” ಎಂದರು!

ಟೀಚರ್ ನಕ್ಕು, ಹಳೆಯ ಮಷಿನ್ನಿನ ವೇಷ ಹಾಕುವ ಸಾಫ್ಟ್‌ವೇರ್ ಒಂದನ್ನು ಎಲ್ಲಿಂದಲೋ ಹುಡುಕಿ ಇಳಿಸಿಕೊಟ್ಟರು. ಮೈದುನರು ಮೂಗನ್ನು ಕೀಲಿಗಳಿಗೆ ತಾಗಿಸುವಷ್ಟು ಬಾಗಿ, ಒಂದೇ ಬೆರಳಲ್ಲಿ, ತಾವೇ ಬರೆದು ಬಾಯಿಪಾಠ ಮಾಡಿದ್ದ ಪ್ರೋಗ್ರಾಮನ್ನು ಒತ್ತಿದರು. ಮಗಳು ಬಸ್ಸಿನ ಹೊತ್ತು ನೋಡುತ್ತಿದ್ದಳು. ನಾನು ಕಾನ್ವೆಂಟಿನ ಪ್ರಾರ್ಥನೆ, ಮನೆಯ ಪ್ರಾರ್ಥನೆ ಎರಡನ್ನೂ ಹೇಳಿಕೊಂಡೆ.

ಕಪ್ಪು ಪರದೆಯ ಮೇಲೆ ಒಂದು ಚುಕ್ಕಿ ಮೂಡಿತು. ಅದರ ಕೆಳಗೆ ಮೂರು, ಆಮೇಲೆ ಐದು. ಸಾಲು ಸಾಲಾಗಿ ಅಗಲವಾಗಿ, ಮತ್ತೆ ಸಣ್ಣದಾಗುತ್ತ, ಅಂಗಳದ ರಂಗೋಲಿಯೇ ಆಕಾಶಕ್ಕೆ ಏರಿ ನಿಂತಂತೆ ಕಂಡಿತು. ಒಂದು ಮಗ್ಗುಲು ತುಸು ಸೊಟ್ಟ. ಅವರು ಕತ್ತು ಆಚೀಚೆ ತಿರುಗಿಸಿ ತಿರುಗಿಸಿ ಅದನ್ನು ತುಂಡುತುಂಡಾಗಿ ಪೂರ್ತಿ ನೋಡಿದರು. ಆಮೇಲೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು.

“ಇತ್ಲಾಗ್ಯಾಕ ನೋಡತೀರಿ? ಸ್ಕ್ರೀನ್ ನೋಡ್ರಿ!”

“ಅದು ಆತಲ್ರಿ, ವೈನಿ. ನಿಮ್ಮ ಮಾರಿ ಇನ್ನೂ ಉಳದೈತಿ. ಸ್ವಲ್ಪ ಬೆಳಕಿಗೆ ಹೊಳ್ರಿ.”

ನನ್ನ ಮುಖ ನೋಡಬೇಕಂತೆ! ಈ ವಯಸ್ಸಿನಲ್ಲಿ ನಾಚಿಕೆಯೇ? ಸೆರಗು ಸರಿಮಾಡಿಕೊಂಡು, ಕನ್ನಡಕ ತೆಗೆದು, ಕಿಟಕಿಯ ಕಡೆ ತಿರುಗಿ ನೆಟ್ಟಗೆ ಕುಳಿತೆ.

“ಫೋಟೋಕ್ಕ ಕುಂತಂಗ ಬ್ಯಾಡ್ರಿ. ಓದುವಾಗ ಕುಂದರತೀರಲ್ಲ, ಹಂಗ ಕುಂದರ್ರಿ.”

ಕನ್ನಡಕ ಮತ್ತೆ ಹಾಕಿಕೊಂಡೆ. ಬಸ್ಸು ಹೋದರೆ ಇನ್ನೊಂದು ಬಂದೀತು ಎಂದು ಮಗಳೂ ಕುರ್ಚಿ ಎಳೆದುಕೊಂಡು ಕೂತಳು. ನಾನು ಅಲ್ಲಿಂದಲೇ ಬೈಲಹೊಂಗಲಕ್ಕೆ ಮರಳಿದೆ; ರಾಮದುರ್ಗಕ್ಕೆ ಹೋದ ಮೈದುನರು ಹಿಂದಿರುಗಲಿಲ್ಲ. ಬೇಸಿಗೆ ಬರುವ ಮೊದಲೇ ತೀರಿಕೊಂಡರು. ನಾನು ಅವರನ್ನು ಕಡೆಯ ಸಲ ನೋಡಿದ್ದು ಆ ಕ್ಲಾಸಿನಲ್ಲಿ, ಅವರು ನನ್ನನ್ನು ನೋಡುತ್ತ ಕುಳಿತಿದ್ದಾಗ.