ಮಾವನ ಡಿಸ್ಕಸ್ ಸಂಸಾರ

ಬ್ಯಾಡಗಿಯಲ್ಲಿ ಮನುಷ್ಯರು ಕೆಮ್ಮಿ ಕೆಮ್ಮಿ ಸುಸ್ತಾದರೂ ತಿರುಗಿ ನೋಡದೆ, ಮೀನಿನ ಮುಖ ಸಪ್ಪಗಾದರೆ ಮಾತ್ರ ಅಂಗಡಿ ಮುಚ್ಚಿ ಮನೆಗೆ ಓಡುವ ಮೆಣಸಿನಕಾಯಿ ದಲಾಲ ಒಬ್ಬನಿದ್ದಾನೆ. ಅವನು ನನ್ನ ಸೋದರಮಾವ! ಮದುವೆಯಾಗಿಲ್ಲ. ಯಾಕೆಂದು ಕೇಳಿದವರಿಗೆ, "ಪುರಸೊತ್ತ ಎಲ್ಲೈತ್ರಿ?" ಅನ್ನುತ್ತಾನೆ.

ಪುರಸೊತ್ತು ಹೇಗಿದ್ದೀತು? ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ಒಂದು ಜೋಡಿ ಡಿಸ್ಕಸ್ ಮೀನು. ತಟ್ಟೆಯಂತೆ ಚಪ್ಪಟೆ, ಬಣ್ಣ ಮಾತ್ರ ನಮ್ಮ ಮೆಣಸಿನಕಾಯಿಯದೇ. ಇವಕ್ಕೆ ದಿನಾ ಅರ್ಧ ನೀರು ಬದಲಿಸಬೇಕು. ಅದು ನಳದ ಹಸಿ ನೀರಾಗಬಾರದು. ಊರ ನೀರಿಗೆ ಬೆರೆಸುವ ಔಷಧಿಯ ವಾಸನೆ ಹೋಗುವವರೆಗೆ ಡ್ರಮ್ಮಿನಲ್ಲಿ ನಿಂತಿರಬೇಕು, ಉಗುರು ಬೆಚ್ಚಗೂ ಇರಬೇಕು. ನಮ್ಮಲ್ಲಿ ನಳ ವಾರಕ್ಕೊಮ್ಮೆ ಬಂದರೆ ಹಬ್ಬ! ಮಾವ ತಾನು ಎರಡು ತಂಬಿಗೆಯಲ್ಲಿ ಸ್ನಾನ ಮುಗಿಸಿ, ಮೀನಿಗೆ ಡ್ರಮ್ಮುಗಟ್ಟಲೆ ಕೂಡಿಡುತ್ತಾನೆ.

"ಮಂದಿಗೆ ನೀರಿಲ್ಲ, ನಿನ್ನ ಮೀನಿಗೆ ದಿನಾ ಬಿಸಿನೀರ ಜಳಕ ಏನಲೇ?" ಎಂದು ಓಣಿಯ ಹಿರಿಯರು ಜರೆದರು.

"ಪಾಪ, ತಾವು ಹೇತ ನೀರಾಗ ತಾವ ಇರಬೇಕ್ರೀ ಅವು. ನೀವು ಒಂದಿನ ಇದ್ದು ನೋಡ್ರಿ!"

ತೆಗೆದ ನೀರು ಅಂಗಳದ ಕರಿಬೇವಿಗೆ. ಜರೆದವರೇ ಬಂದು ಆ ಕರಿಬೇವು ಹರಿದುಕೊಂಡು ಹೋಗುತ್ತಾರೆ, ಅದು ಬೇರೆ ಮಾತು.

ಒಮ್ಮೆ ರಾಣೆಬೆನ್ನೂರಿನ ವ್ಯಾಪಾರಿಯೊಬ್ಬ ಬಂದ. ಬೆಳಗಿನಿಂದ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮುರಿದು ಮುರಿದು ನೋಡಿದ ಅದೇ ಬೆರಳನ್ನು ತೊಟ್ಟಿಗೆ ಅದ್ದಲು ಹೋದ.

"ಕೈ ತಗೀ!" ಎಂದು ಮಾವ ಕೂಗಿದ ರಭಸಕ್ಕೆ ಮೀನೂ ವ್ಯಾಪಾರಿಯೂ ಒಟ್ಟಿಗೇ ಕಪ್ಪಾದರು. ಬೆದರಿದರೆ ಡಿಸ್ಕಸ್ ಬಣ್ಣಗೆಟ್ಟು ಕಪ್ಪಾಗುವುದು ಸಹಜ, ವ್ಯಾಪಾರಿಯದು ಹೊಸದು.

"ತೊಳಕೊಂಡು ಬರ್ತೇನಿ ಮಾರಾಯ."

"ಸಾಬೂನು ಹಚ್ಚಬ್ಯಾಡ, ಜ್ವಾಕಿ! ಅದೂ ಇವಕ್ಕ ವಿಷ."

"ಖಾರ ಬ್ಯಾಡ, ಸಾಬೂನೂ ಬ್ಯಾಡ ಅಂದ್ರ ಕೈ ಮನ್ಯಾಗ ಇಟ್ಟು ಬರ್ಲೇನು?"

"ಬಂದ್ರ ಭಾಳ ಚಲೋ!"

ಈ ವರ್ಷ ಜೋಡಿ ಮರಿ ಮಾಡಿತು. ಡಿಸ್ಕಸ್ ಮರಿಗಳು ಮೊದಮೊದಲು ತಂದೆ ತಾಯಿಯ ಮೈಮೇಲಿನ ಲೋಳೆಯನ್ನೇ ತಿಂದು ಬದುಕುತ್ತವೆ. ಮಾವನ ಸಂಭ್ರಮ ನೋಡಲು ನಾನು ಹಾವೇರಿಯಿಂದ ಬಂದೆ. ಅವನು ತೊಟ್ಟಿಯಿಂದ ಅರ್ಧ ನೀರು ತೆಗೆದು, ಡ್ರಮ್ಮಿನ ನೀರು ಬೆಚ್ಚಗಾಗಲು ಬಿಟ್ಟು, ನನ್ನನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಬಂದಿದ್ದ. ಅಷ್ಟರಲ್ಲಿ ನಳ ಬಂತು!

ನಮ್ಮೂರುಗಳಲ್ಲಿ ನಳ ಬಂದಾಗ ಪಕ್ಕದ ಮನೆಯವರಿಲ್ಲದಿದ್ದರೆ ಅವರ ಕೊಡಗಳನ್ನೂ ತುಂಬಿಸಿಡುವುದು ಧರ್ಮ. ನಾವು ಮನೆ ಮುಟ್ಟಿದಾಗ ಬಾಗಿಲಲ್ಲೇ ಎದುರಾದ ಪಕ್ಕದ ಮನೆಯ ಖಾಲಾ ಬೆವರೊರೆಸಿಕೊಳ್ಳುತ್ತ ಹೇಳಿದಳು: "ಖಾಲಿ ಕಂಡದ್ದೆಲ್ಲಾ ತುಂಬಿಸಿಟ್ಟೇನಿ ಬೇಟಾ. ಆ ಗಾಜಿಂದೂ ಅರ್ಧ ಖಾಲಿ ಇತ್ತು, ಅದನ್ನೂ!"

ಮಾವ ಓಡಿದ. ತಣ್ಣನೆಯ ನಳದ ನೀರು ತೆಗೆದು ಡ್ರಮ್ಮಿನ ಬೆಚ್ಚನೆಯ ನೀರು ಹಾಕಿದ. ಸಂಜೆಗೆ ಹೆಣ್ಣುಮೀನು ಸತ್ತಿತು, ಗಂಡು ಕಪ್ಪಾಗಿ ಮೂಲೆ ಹಿಡಿಯಿತು. ಖಾಲಾ ಅತ್ತಳು. "ನೀ ಅಳಬ್ಯಾಡ. ಬ್ಯಾರೆಯವರ ಮನಿ ನೀರು ತುಂಬೋದು ತಪ್ಪಲ್ಲ," ಎಂದ ಮಾವ.

ಹಿರಿಯರು ಸೇರಿದರು. "ತಾಯಿ ಹೋದ ಮ್ಯಾಲ ಮರಿ ಎಲ್ಲಿ ಉಳೀತಾವು? ಬಿಟ್ಟುಬಿಡು."

"ಗಂಡೈತಲ್ರಿ!"

"ಗಂಡಸು ಒಬ್ಬಾವ ಮಕ್ಕಳ್ನ ಸಾಕ್ತಾನೇನೋ?"

"ಸಾಕ್ತಾನ! ನೋಡಾಕ ಬರ್ರಿ," ಎಂದು ಮಾವ ಗುಡುಗಿದ.

ಮರುವಾರ ಅವರು ಬಂದರು. ಗಂಡುಮೀನಿಗೆ ಬಣ್ಣ ಮರಳಿತ್ತು. ಅದರ ಎರಡೂ ಪಕ್ಕೆಗೆ ಮರಿಗಳು ಮುತ್ತಿಕೊಂಡು ತಿನ್ನುತ್ತಿದ್ದವು. ಅದು ಅಲುಗದೆ ಮೈ ಕೊಟ್ಟು ನಿಂತಿತ್ತು. ಹಿರಿಯರಲ್ಲೊಬ್ಬರು ಗಾಜಿಗೆ ಮೂಗು ಹಚ್ಚಿ, "ಖರೇನ ಸಾಕೇತಲ್ಲೋ!" ಎಂದು ಬೆರಗಾದರು.

ನನಗೆ ತಡೆಯಲಾಗಲಿಲ್ಲ. ನನ್ನ ಅಪ್ಪ ಅಮ್ಮ ಇಬ್ಬರೂ ಹೋದಾಗ ನಾನು ತೊಟ್ಟಿಲಲ್ಲಿದ್ದೆ. ಖಾರದ ಘಾಟಿನ ಅಂಗಿಯಲ್ಲೇ ಎದೆಗವಚಿಕೊಂಡು ಮಾವ ನನ್ನನ್ನು ಈ ಮನೆಗೆ ತಂದಾಗಲೂ ಓಣಿಯವರು 'ಗಂಡಸು ಒಬ್ಬಾವ ಸಾಕ್ತಾನೇನೋ?' ಎಂದು ಇದೇ ಪ್ರಶ್ನೆ ಕೇಳಿದ್ದರಂತೆ.

"ಅಜ್ಜಾರ, ಅದಕ್ಕ ಮೀನ ಯಾಕ ನೋಡಬೇಕ್ರಿ?" ಎಂದೆ. "ನಾ ಇಲ್ಲೇ ನಿಂತೇನಲ್ಲ!"