ಗಂಟೆ ಬಿಚ್ಚಿ ಕ್ಯಾಮೆರಾ ಕಟ್ಟಿದ್ದು

ಮಲಗಿದ ಮಗು ಯಾವ ಮಾಯದಲ್ಲಿ ಎದ್ದು ಎತ್ತ ಅಂಬೆಗಾಲಿಟ್ಟೀತೋ ಎಂಬ ಚಿಂತೆ ಗುಂಡಣ್ಣನ ಅಮ್ಮನಿಗೆ ನೆರಳಿನಂತೆ ಅಂಟಿಕೊಂಡಿತ್ತು. ಮನೆಯಲ್ಲೇ ಕೂತು ಆಫೀಸಿನ ಕೆಲಸ ಮಾಡುವವಳು. ಒಂದು ಕಣ್ಣು ಲ್ಯಾಪ್‌ಟಾಪಿನ ಮೇಲೆ, ಇನ್ನೊಂದು ಮಲಗುವ ಕೋಣೆಯ ಮೇಲೆ ಇಟ್ಟೂ ಇಟ್ಟೂ ಮೆಳ್ಳಗಣ್ಣು ಬರುವುದೊಂದು ಬಾಕಿ.

ಅತ್ತೆ ತಮಗೆ ತಿಳಿದ ಉಪಾಯ ಮಾಡಿದ್ದರು: ಮೊಮ್ಮಗನ ಕಾಲಿಗೊಂದು ಪುಟ್ಟ ಗಂಟೆ.

“ಅತ್ತೆ, ಇವನು ಮಗು. ಕರು ಅಲ್ಲ.”

“ಕರುವಾದ್ರೆ ಕಟ್ಟಿದ ಕಡೆ ಇರುತ್ತಮ್ಮ.”

ಸೊಸೆ ಗಂಟೆ ಬಿಚ್ಚಿ, ಕ್ಯಾಮೆರಾ ತರಿಸಿದಳು. ಮಗು ಎದ್ದು ಕೂತರೆ ಸಾಕು, ಅವಳ ಹೆಡ್‌ಫೋನಿನಲ್ಲಿ ಕುಂಯ್ ಎನ್ನುವ ಮಹಾಯಂತ್ರ. ಚಿತ್ರ ಕಡಿಯಬಾರದೆಂದು ವೈಫೈ ಪೆಟ್ಟಿಗೆಯನ್ನೂ ಮಗುವಿನ ಹಾಸಿಗೆಯ ಪಕ್ಕಕ್ಕೇ ತಂದಿಟ್ಟಳು. “ಇನ್ನು ಈ ಮನೇಲಿ ಯಾರೂ ಮಗು ಕಾಯಬೇಕಾಗಿಲ್ಲ,” ಎಂದು ಘೋಷಿಸಿದಳು. ಆ ‘ಯಾರೂ’ ಯಾರೆಂದು ಅತ್ತೆಗೆ ಅರ್ಥವಾಯಿತು. ಗಂಟೆಯನ್ನು ಕೈಚೀಲಕ್ಕೆ ಹಾಕಿಕೊಂಡು ಮಗಳ ಮನೆಗೆ ಹೊರಟೇಬಿಟ್ಟರು.

ಮೊದಲ ದಿನವೇ ಪವಾಡ! ಊಟದ ಹೊತ್ತಾದರೂ ಗುಂಡಣ್ಣ ಮಗ್ಗುಲು ಬದಲಿಸದೆ, ಬೆರಳು ಚೀಪುತ್ತ, ಲ್ಯಾಪ್‌ಟಾಪಿನ ಪರದೆಯ ಮೂಲೆಯಲ್ಲಿ ಪವಡಿಸಿದ್ದ. ಆಫೀಸಿನವರಿಗೂ ಅಂದು ಒಳ್ಳೆಯ ಬುದ್ಧಿ ಬಂದಿತ್ತು: ಒಂದು ಮೇಲ್ ಇಲ್ಲ, ಮೀಟಿಂಗಿಗೆ ಕರೆ ಇಲ್ಲ. ಇಷ್ಟು ನೆಮ್ಮದಿ ಅವಳು ಹೆತ್ತಮೇಲೆ ಕಂಡಿರಲಿಲ್ಲ.

ಊಟಕ್ಕೆ ಬಂದ ಗಂಡ ಅವಳ ಹೆಡ್‌ಫೋನ್ ಎತ್ತಿದ.

“ಗುಂಡಣ್ಣ ಎಲ್ಲಿ?”

“ಶ್... ಮಲಗಿದಾನೆ. ನೋಡಿ.”

ಗಂಡ ಪರದೆಗೆ ಬಗ್ಗಿ ನೋಡಿದ. “ಪಾಪ, ಒಳ್ಳೆ ನಿದ್ದೆ. ಹಾಗಾದ್ರೆ ಬಾಗಿಲ ಹತ್ರ ಕೂತು ನನ್ನ ಚಪ್ಪಲಿ ತಿಂತಾ ಇರೋನು ಯಾರ ಮಗ?”

ಅವಳು ಎದ್ದು ಬಾಗಿಲಿಗೆ ಓಡಿದಳು. ಹೊಸ್ತಿಲ ಬಳಿ ಗುಂಡಣ್ಣ ಪಟ್ಟಾಗಿ ಕೂತಿದ್ದ. ಕೈಯಲ್ಲಿ ಚಪ್ಪಲಿ, ಹಿಂದೆ ಬಾಲದಂತೆ ವೈಫೈ ಪೆಟ್ಟಿಗೆಯ ವೈರು. ಎಚ್ಚರಾದೊಡನೆ, ಮಲಗಿದಲ್ಲಿಂದಲೇ ಕೈಚಾಚಿ ಮೊದಲು ಜಗ್ಗಿದ್ದೇ ಅದನ್ನು. ಕುಂಯ್ ಎನ್ನುವ ಮೊದಲೇ ಮಹಾಯಂತ್ರದ ಬಾಯಿ ಕಟ್ಟಿತ್ತು. ಅವಳು ಅಷ್ಟು ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ಕಾದದ್ದು ನಿಂತುಹೋದ ಚಿತ್ರವನ್ನು. ಆಫೀಸಿನವರ ಒಳ್ಳೆಯ ಬುದ್ಧಿಯ ಮೂಲವೂ ಆ ವೈರೇ.

“ನಾನು ಬಾಗಿಲು ತೆಗೆದಾಗ ಇಲ್ಲೇ ಇದ್ದ,” ಎಂದ ಗಂಡ, ಮೆಲ್ಲಗೆ.

ಬಾಗಿಲಾಚೆ ಮೆಟ್ಟಿಲು. ಇಬ್ಬರೂ ಅತ್ತ ನೋಡಿದರು.

ಮಗನನ್ನು ಕಂಕುಳಲ್ಲಿ ಅವುಚಿಕೊಂಡೇ ಅವಳು ಫೋನು ಹಚ್ಚಿದಳು.

“ಅತ್ತೆ, ಊಟ ಆಯ್ತಾ?”

“ಆಯ್ತು. ಏನಮ್ಮಾ ವಿಷಯ?”

“ಏನಿಲ್ಲ... ಆ ಗಂಟೆ ನಿಮ್ಮ ಹತ್ರಾನೇ ಇದೆಯಾ?”

ಆ ಕಡೆ ಕೈಚೀಲ ತಡಕಿದ ಸದ್ದು.

“ಇದೆ. ಬೆಳಿಗ್ಗೆ ತರ್ತೀನಿ. ಒಂದು ಸಾಕಾ, ನಿನ್ನ ಕ್ಯಾಮೆರಾಗೂ ಒಂದು ಬೇಕಾ?”